ಅಪ್‌ಡೇಟ್: ವಿಂಡೋಸ್‌ನಲ್ಲೂ ಲೈಬ್ರರಿ ಲಿಂಕ್ ಆಯಿತು

ಲಿನಕ್ಸ್‌ನಲ್ಲಿ ಸಲೀಸಾಗಿ ಬಿಲ್ಡ್ ಆಗುವ ಶೇರ್ಡ್ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲ್) ವಿಂಡೋಸ್‌ನಲ್ಲಿ ಮಾತ್ರ ಯಾಕೆ ಲಿಂಕ್ ಆಗುತ್ತಿಲ್ಲ ಎಂದು ಕೇಳಿದ್ದೆನಲ್ಲ, ಅದು ಬಗೆಹರಿಯಿತು. ಡಿಎಲ್‌ಎಲ್ ಫೈಲ್, ಅಂದರೆ ವಿಂಡೋಸ್‌ನ ಶೇರ್ಡ್ ಲೈಬ್ರರಿ, ಬರುತ್ತಿತ್ತು, ಆದರೆ ಅದರ ಜೊತೆ ಬರಬೇಕಾದ ಇಂಪೋರ್ಟ್ ಲೈಬ್ರರಿಯೇ (ಲಿಂಕ್ ಮಾಡುವಾಗ ಬೇಕಾಗುವ ಫೈಲ್) ಇರಲಿಲ್ಲ. ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್‌ಗೆ ಏನೂ ಹೇಳದಿದ್ದರೂ, ಸ್ಟ್ಯಾಟಿಕ್ (ತನ್ನ ಫೈಲ್‌ಗಷ್ಟೇ ಸೀಮಿತ) ಅಲ್ಲದ ಫಂಕ್ಷನ್‌ಗಳೆಲ್ಲ ಹೊರಗೆ ಕಾಣುತ್ತವೆ. ಮೈಕ್ರೋಸಾಫ್ಟ್ ಕಂಪೈಲರ್ ಹಾಗಲ್ಲ. ನಾವಾಗಿ ಎಕ್ಸ್‌ಪೋರ್ಟ್ ಮಾಡು, ಅಂದರೆ ಹೊರಗೆ ಕಾಣಿಸು, ಎನ್ನದಿದ್ದರೆ ಒಂದನ್ನೂ ಹೊರಗೆ ಕಾಣಿಸುವುದಿಲ್ಲ, ಹಾಗಾಗಿ ಇಂಪೋರ್ಟ್ ಲೈಬ್ರರಿಯೂ ಬರುವುದಿಲ್ಲ. ಸುಮ್ನೆ ಜಾಸ್ತಿ ಕೆಲಸ, ಅಲ್ವಾ? ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಬಿಲ್ಡ್‌ಗೆ ಬಳಸುವ ಸಿಮೇಕ್ ಟೂಲ್‌ನಲ್ಲೇ ಇದೆ, ಫಂಕ್ಷನ್‌ಗಳಿಗೆ ಅಷ್ಟೇ ಸಾಕಾಯಿತು. ಗ್ಲೋಬಲ್ ವೇರಿಯಬಲ್‌ಗೆ ಮಾತ್ರ ಹೆಡರ್‌ನಲ್ಲಿ ಡಿಎಲ್‌ಎಲ್‌ಇಂಪೋರ್ಟ್ (ಇದು ಡಿಎಲ್‌ಎಲ್‌ನಿಂದ ಬರುತ್ತದೆ ಎಂಬ ಗುರುತು) ಎಂದು ಬರೆಯಲೇಬೇಕಾಯಿತು.

ಮ್ಯಾಕ್‌ನಲ್ಲಿ ತೊಂದರೆ ಬೇರೆ. ಬಿಲ್ಡ್ ಫೋಲ್ಡರ್‌ನಲ್ಲಿ ಓಡುವ ಪ್ರೋಗ್ರಾಂಗೆ ಇನ್‌ಸ್ಟಾಲ್ ಆದ ಮೇಲೆ ಲೈಬ್ರರಿ ಸಿಗುತ್ತಿರಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಸಿಮೇಕ್ ಬಿಲ್ಡ್‌ನ ಆರ್‌ಪಾತ್ (ಲೈಬ್ರರಿಯನ್ನು ಎಲ್ಲಿ ಹುಡುಕಬೇಕೆಂದು ಪ್ರೋಗ್ರಾಂನೊಳಗೆ ಬರೆದಿಡುವ ದಾರಿ) ತೆಗೆದುಹಾಕುತ್ತದೆ. ಇನ್‌ಸ್ಟಾಲ್ ಆರ್‌ಪಾತ್ ಬೇರೆಯಾಗಿ ಕೊಟ್ಟ ಮೇಲೆ ಸರಿಹೋಯಿತು.