ಆಸ್ಟ್ರಿಯಾದ ಸ್ಕೀ ಹೋಟೆಲ್, ಹಾಫ್ ಬೋರ್ಡ್ ಊಟ: ಸಸ್ಯಾಹಾರಿಗಳಿಗೆ ಆಗಿಬರುತ್ತಾ?

ಬಿಸಿಬೇಳೆ_ಮ್ಯೂನಿಕ್ ಕೇಳಿದ್ದು:

ಫೆಬ್ರವರಿ ಮಧ್ಯದಲ್ಲಿ ಟಿರೋಲ್‌ನ ಓಬರ್‌ಗುರ್ಗ್ಲ್‌ಗೆ ಹೋಗೋ ಯೋಚನೆ ಇದೆ, ಶನಿವಾರದಿಂದ ಶನಿವಾರ. ಹಾಫ್ ಬೋರ್ಡ್ (ರೂಮಿನ ಜೊತೆ ಬೆಳಗಿನ ತಿಂಡಿ, ರಾತ್ರಿ ಊಟ) ಇಲ್ಲದೆ ಆ ವಾರ ರೂಮೇ ಕೊಡಲ್ಲ ಅಂತಿದ್ದಾರೆ. ಅಪ್ಪ, ಅಮ್ಮ ಬೆಂಗಳೂರಿಂದ ಬರ್ತಾರೆ, ಇಬ್ಬರೂ ಮೊಟ್ಟೆ ಸಹ ಮುಟ್ಟಲ್ಲ. ನಾವು ಗಂಡ ಹೆಂಡತಿ ಮೊಟ್ಟೆ ತಿಂತೀವಿ, ಮಾಂಸ ಮೀನು ಇಲ್ಲ. ಏಳು ವರ್ಷದ ಮಗಳೂ ಇದ್ದಾಳೆ.

ರಾತ್ರಿ ಐದು ಕೋರ್ಸಿನ ಊಟದಲ್ಲಿ ದೊಡ್ಡವರಿಗೆ ಸಲಾಡ್ ಬಿಟ್ಟು ಬೇರೆ ಏನಾದ್ರೂ ಸಿಗುತ್ತಾ? ಯಾರಿಗೆ, ಯಾವಾಗ ಹೇಳ್ಬೇಕು? ಹೋಟೆಲ್ ಪೂರ್ತಿ ತುಂಬಿರೋ ವಾರ, ಡೈನಿಂಗ್ ಹಾಲ್‌ನಲ್ಲಿ ನಮ್ಮ ಮಾತು ಕೇಳಿಸಿಕೊಳ್ಳೋಕೆ ಯಾರಿಗಾದ್ರೂ ಪುರುಸೊತ್ತು ಇರುತ್ತಾ? ಇಲ್ಲ ಅಂದ್ರೆ ರೂಮಲ್ಲಿ ಪುಟ್ಟ ರೈಸ್ ಕುಕ್ಕರ್ ಇಟ್ಕೊಂಡ್ರೆ ಹೇಗೆ?

—

ಅಡಿಗೆಮನೆ_ಇನ್ಸ್‌ಬ್ರುಕ್:

ಡೈನಿಂಗ್ ಹಾಲ್ ಪ್ರಶ್ನೆಗೆ ಮೊದಲು: ಅಲ್ಲಿ ಕೂತ ಮೇಲೆ ಹೇಳಿದ್ರೆ ಕೇಳೋರಿಲ್ಲ, ಅದು ಅವರ ತಪ್ಪೂ ಅಲ್ಲ. ಹಾಫ್ ಬೋರ್ಡ್ ಅಡಿಗೆಮನೆ ನಡೆಯೋದು ಎಣಿಕೆ ಮೇಲೆ. ಬೆಳಗ್ಗೆ ತಿಂಡಿ ಟೇಬಲ್ ಮೇಲೆ ಒಂದು ಚೀಟಿ ಇರುತ್ತೆ. ಅದರಲ್ಲಿ ರಾತ್ರಿಯ ಮೆಯಿನ್ ಕೋರ್ಸಿಗೆ ಮಾಂಸ, ಮೀನು, ಸಸ್ಯಾಹಾರ ಅಂತ ಎರಡು ಮೂರು ಆಯ್ಕೆ. ಗುರುತು ಹಾಕಿ ಸಾಮಾನ್ಯವಾಗಿ 10 ಗಂಟೆಯೊಳಗೆ ಕೊಡಬೇಕು. ಇಂಥದ್ದು ಇಷ್ಟು ತಟ್ಟೆ ಅಂತ ಲೆಕ್ಕ ಸಿಕ್ಕಿದ ಮೇಲೇ ಅಡಿಗೆಯವರು ಕೆಲಸ ಹಚ್ಚೋದು. ಚೀಟಿ ಕೊಡದೆ ಸ್ಕೀಯಿಂಗ್‌ಗೆ ಹೊರಟ್ರೆ ರಾತ್ರಿ ಉಳಿದಿದ್ದೇ ಬರುತ್ತೆ, ಅದು ಬಹುತೇಕ ಮಾಂಸ.

ಶನಿವಾರ ಇನ್ನೂ ಕಷ್ಟ. ಅವತ್ತು ಹಳಬರು ಹೋಗಿ ಹೊಸಬರು ಬರೋ ದಿನ, ನೀವು ಚೀಟಿ ತುಂಬಿರಲ್ಲ. ಅದಕ್ಕೇ ಒಂದು ವಾರ ಮುಂಚೆ ರಿಸೆಪ್ಶನ್‌ಗೆ ಇಮೇಲ್ ಹಾಕಿ, ಚೆಕ್-ಇನ್ ಹೊತ್ತಲ್ಲಿ 'ಅಡಿಗೆಮನೆಗೆ ಈ ಮೇಲ್ ತಲುಪಿದೆಯಾ' ಅಂತ ಕೇಳಿ. ವಾರಪೂರ್ತಿ ನಿಮಗೆ ಒಂದೇ ಟೇಬಲ್, ಒಬ್ಬರೇ ವೇಟರ್. ಮೊದಲ ರಾತ್ರಿ ಅವರಿಗೊಂದು ಸಲ ಬಿಡಿಸಿ ಹೇಳಿದ್ರೆ ಮರುದಿನದಿಂದ ಅವರೇ ನೋಡ್ಕೊಳ್ತಾರೆ.

ಮೇಲ್‌ನಲ್ಲಿ 'ಶುದ್ಧ ಸಸ್ಯಾಹಾರಿ' ಅಂತ ಬರೀಬೇಡಿ. ಇಲ್ಲಿ ಸಸ್ಯಾಹಾರ ಅಂದ್ರೆ ಮೊಟ್ಟೆ ಸೇರಿದ್ದು. ದೊಡ್ಡವರಿಗೆ 'ವೀಗನ್, ಆದರೆ ಹಾಲು, ಬೆಣ್ಣೆ, ಮೊಸರು, ಚೀಸ್ ಆಗುತ್ತೆ' ಅಂತ ಬರೀರಿ. ವೀಗನ್ ಅಂದ್ರೆ ಪ್ರಾಣಿಯಿಂದ ಬರೋದೇನೂ ಇಲ್ಲದ ಅಡಿಗೆ, ಅದಕ್ಕೆ ಅವರ ಹತ್ರ ಮೊದಲೇ ದಾರಿ ಇರುತ್ತೆ. ಮೊಟ್ಟೆ, ಮಾಂಸದ ಸ್ಟಾಕ್ (ಮಾಂಸ ಕುದಿಸಿದ ನೀರು), ಜೆಲಾಟಿನ್ (ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಅಂಟು) ಮೂರೂ ಒಂದೇ ಪದಕ್ಕೆ ಹೊರಗೆ ಹೋಗುತ್ತೆ. ನಿಮಗೆ ಮತ್ತು ಮಗಳಿಗೆ: ಮಾಂಸ ಬೇಡ, ಮೀನು ಬೇಡ, ಷ್ಪೆಕ್ ಬೇಡ, ಮಾಂಸದ ಸ್ಟಾಕ್ ಬೇಡ. ಷ್ಪೆಕ್ ಅಂದ್ರೆ ಹೊಗೆ ಹಾಕಿದ ಹಂದಿಮಾಂಸ. ಅದನ್ನ ಪ್ರತ್ಯೇಕವಾಗಿ ಹೇಳಲೇಬೇಕು, ಚೂರು ಮಾಡಿ ಒಗ್ಗರಣೆ ಥರ ಎಲ್ಲದಕ್ಕೂ ಹಾಕ್ತಾರೆ.

ಗದ್ದಲದ ಬಗ್ಗೆ: ಊಟ 18:30ಕ್ಕೆ ಶುರು ಆದ್ರೆ ಹೆಚ್ಚಿನವರು ಇಳಿಯೋದು 19:00ಕ್ಕೆ. ಅರ್ಧ ಗಂಟೆ ಅಂತರದಲ್ಲಿ ಇಡೀ ಹಾಲ್‌ನ ಮೆಯಿನ್ ಕೋರ್ಸ್ ಒಟ್ಟಿಗೆ ಹೊರಡಬೇಕಾಗುತ್ತೆ. ವಿಶೇಷ ತಟ್ಟೆಗಳು ಸಾಲಿನಿಂದ ಹೊರಗೆ ತಯಾರಾಗೋದ್ರಿಂದ ಅವೇ ಮೊದಲು ತಡ ಆಗೋದು. 18:30ಕ್ಕೆ ಸರಿಯಾಗಿ ಕೂತ್ಕೊಳ್ಳಿ.

—

ಸೊಪ್ಪಿನಸಾರು:

ಮೇಲೆ ಹೇಳಿದ್ದು ಸರಿ. ಆದರೆ ನಮ್ಮವರು ಎಡವೋದು ಮೆಯಿನ್ ಕೋರ್ಸಲ್ಲಿ ಅಲ್ಲ, ಸೂಪಲ್ಲಿ. ಫ್ರಿಟ್ಟಾಟನ್‌ಸುಪ್ಪೆ ನೋಡಿ: ತಿಳಿಸಾರಿನ ಥರ ಹೊಂಬಣ್ಣದ ನೀರು, ಅದರಲ್ಲಿ ಶ್ಯಾವಿಗೆ ಹಾಗೆ ಕತ್ತರಿಸಿದ ತೆಳು ದೋಸೆ, ಮೇಲೆ ಈರುಳ್ಳಿ ಸೊಪ್ಪಿನ ಥರ ಚೈವ್ಸ್. ಕಣ್ಣಿಗೆ ಪೂರ್ತಿ ಸಸ್ಯಾಹಾರ. ಆ ನೀರು ದನದ ಮೂಳೆ, ಮಾಂಸ ಗಂಟೆಗಟ್ಟಲೆ ಕುದಿಸಿ ಸೋಸಿದ ಸ್ಟಾಕ್. ಚೀಸ್ ವಡೆ ತೇಲಿಬಿಟ್ಟ ಕಾಸ್‌ಪ್ರೆಸ್‌ಕ್ನೋಡ್ಲ್ ಸೂಪ್, ರವೆ ಉಂಡೆಯ ಗ್ರೀಸ್‌ನೋಕರ್ಲ್ ಸೂಪ್, ಎಲ್ಲದರದ್ದೂ ಇದೇ ಕಥೆ. ಆಲೂಗಡ್ಡೆ ಸಲಾಡಿಗೂ ಇದೇ ಸ್ಟಾಕ್ ಬಿಸಿಯಾಗಿ ಸುರೀತಾರೆ. ಸಲಾಡ್ ಬಫೆಯಲ್ಲಿ ಇದೆ ಅಂತ ನಿಶ್ಚಿಂತೆಯಿಂದ ಬಡಿಸ್ಕೋಬೇಡಿ. ಕೆಂಪು ಎಲೆಕೋಸಿನ ಪಲ್ಯ, ಸೌವರ್‌ಕ್ರೌಟ್‌ಗೆ (ಹುಳಿ ಬರಿಸಿದ ಎಲೆಕೋಸು) ಹಂದಿ ಕೊಬ್ಬು ಬಿದ್ದಿರಬಹುದು. ರಿಸೋಟೋ, ಅನ್ನ ಸ್ಟಾಕಲ್ಲಿ ಬೆಂದಿರಬಹುದು. ಪನ್ನಾಕೋಟಾ, ಮೂಸ್‌ನಂಥ ಸಿಹಿಗೆ ಜೆಲಾಟಿನ್.

ಮೊಟ್ಟೆ ವಿಷಯಕ್ಕೆ ಒಂದು ಸುಲಭ ದಾರಿ ಇದೆ. 2014ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟದಲ್ಲಿ 14 ಅಲರ್ಜಿ ಪದಾರ್ಥಗಳನ್ನ ಹೋಟೆಲ್‌ಗಳು ತಿಳಿಸಲೇಬೇಕು. ಆಸ್ಟ್ರಿಯಾದ ಮೆನುಗಳಲ್ಲಿ ತಿನಿಸಿನ ಪಕ್ಕ ಅಕ್ಷರ ಹಾಕಿರ್ತಾರೆ: ಎ ಅಂದ್ರೆ ಗ್ಲುಟೆನ್, ಸಿ ಮೊಟ್ಟೆ, ಡಿ ಮೀನು, ಜಿ ಹಾಲು, ಎಲ್ ಸೆಲರಿ. ಮೊಟ್ಟೆ, ಮೀನು ತಪ್ಪಿಸೋಕೆ ದೊಡ್ಡವರಿಗೆ ಸಿ, ಡಿ ಇಲ್ಲದ್ದು ನೋಡಿ. ಆದರೆ ಮಾಂಸ ಅಲರ್ಜಿ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ದನದ ಸ್ಟಾಕ್ ಯಾವ ಅಕ್ಷರದಲ್ಲೂ ಸಿಕ್ಕಿಬೀಳಲ್ಲ. ಅದನ್ನ ಬಾಯಿಬಿಟ್ಟೇ ಕೇಳ್ಬೇಕು. ಕೆಲವು ಕಡೆ ಅಕ್ಷರ ಇಲ್ಲದೆ ವೇಟರ್ ಬಾಯಲ್ಲೇ ಹೇಳ್ತಾರೆ. ಜರ್ಮನಿಯ ಮೆನುಗಳಲ್ಲಿ ಅಕ್ಷರ ಬೇರೆ ಇರಬಹುದು, ಮ್ಯೂನಿಕ್ ಅಭ್ಯಾಸ ಇಲ್ಲಿಗೆ ತರಬೇಡಿ.

ಕೇಸೆಷ್ಪೆಟ್ಸ್ಲೆ (ಚೀಸ್ ಹಾಕಿದ ಹಿಟ್ಟಿನ ಪುಟ್ಟ ಪಾಸ್ತಾ), ಕ್ನೋಡ್ಲ್ (ಬೇಯಿಸಿದ ಉಂಡೆ), ಕೈಸರ್‌ಷ್ಮಾರ್ನ್ (ಚೂರು ಮಾಡಿದ ಸಿಹಿ ಪ್ಯಾನ್‌ಕೇಕ್) ಮೂರಕ್ಕೂ ಮೊಟ್ಟೆ ಬೇಕೇ ಬೇಕು. ನಿಮಗೆ, ಮಗಳಿಗೆ ಹಬ್ಬ, ದೊಡ್ಡವರಿಗಿಲ್ಲ. ಷ್ಮಾರ್ನ್‌ನ ದ್ರಾಕ್ಷಿ ರಮ್‌ನಲ್ಲಿ ನೆನೆಸಿರ್ತಾರೆ, ಮಗಳಿಗೆ ದ್ರಾಕ್ಷಿ ಇಲ್ಲದೆ ಹೇಳಿ. ದೊಡ್ಡವರಿಗೆ ಒಣ ಪಾಸ್ತಾ ಟೊಮೆಟೊ ಸಾಸ್ ಜೊತೆ ಕೇಳಿ. ತಾಜಾ ಪಾಸ್ತಾಗೆ ಮೊಟ್ಟೆ ಹಾಕ್ತಾರೆ, ಒಣ ಗೋಧಿ ಪಾಸ್ತಾಗೆ ಸಾಮಾನ್ಯವಾಗಿ ಇಲ್ಲ. ಇನ್ನೊಂದು, ನೀರಲ್ಲಿ ಬೇಯಿಸಿದ ಅನ್ನ, ಒಂದು ಬಟ್ಟಲು ಸಾದಾ ಮೊಸರು. ಇದಕ್ಕೆ ಯಾವ ಅಡಿಗೆಮನೆಯೂ ಇಲ್ಲ ಅನ್ನಲ್ಲ. ಉಪ್ಪಿನಕಾಯಿ ನಿಮ್ಮ ಜೇಬಲ್ಲಿರಲಿ, ಮೊಸರನ್ನ ಆಯ್ತಲ್ಲ.

ಚೀಸ್ ಬಗ್ಗೆ ದೊಡ್ಡವರು ಕಟ್ಟುನಿಟ್ಟಾಗಿದ್ರೆ ಗೊತ್ತಿರಲಿ, ಪಾರ್ಮೆಸಾನ್ ಮತ್ತು ಬಹುಪಾಲು ಬೆಟ್ಟದ ಚೀಸ್‌ಗಳನ್ನ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸೋ ರೆನೆಟ್ ಹಾಕಿ ಮಾಡ್ತಾರೆ.

—

ತಿಂಡಿಪೋತ_ಜ್ಯೂರಿಕ್:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೊಟ್ಟೆ ಬಿಟ್ಟ ಹಿರಿಯರಿಗೆ ಐದು ಕೋರ್ಸಿನ ದುಡ್ಡು ಕೊಟ್ಟು ಏಳು ರಾತ್ರಿ ಪಾಸ್ತಾ, ಅನ್ನ ತಿನ್ನಿಸೋದಕ್ಕಿಂತ ಅಡಿಗೆಮನೆ ಇರೋ ಅಪಾರ್ಟ್‌ಮೆಂಟ್ ವಾಸಿ. ಸಿಗಲಿಲ್ಲ ಅಂದ್ರೆ ಹೋಟೆಲ್ ಸರಿ. ಆದರೆ ರೂಮಲ್ಲಿ ಕುಕ್ಕರ್ ಮಾತ್ರ ಬೇಡ. ಬಹುತೇಕ ಹೋಟೆಲ್‌ಗಳಲ್ಲಿ ನಿಷಿದ್ಧ. ಒಗ್ಗರಣೆ ಹೊಗೆಗೆ ಅಲಾರಂ ಹೊಡೆದು ಅಗ್ನಿಶಾಮಕದವರು ಬಂದ್ರೆ ಅದರ ಬಿಲ್ ನಿಮ್ಮ ತಲೆಗೇ ಬರಬಹುದು. ಮೇಲಾಗಿ ಓಬರ್‌ಗುರ್ಗ್ಲ್ ಇರೋದು ಸುಮಾರು 1,900 ಮೀಟರ್ ಎತ್ತರದಲ್ಲಿ, ನೀರು 94 ಡಿಗ್ರಿ ಆಸುಪಾಸಲ್ಲೇ ಕುದಿಯುತ್ತೆ. ಅನ್ನ ನಿಧಾನ ಆಗುತ್ತೆ, ತೊಗರಿಬೇಳೆ ಪ್ರೆಶರ್ ಇಲ್ಲದೆ ಬೇಯೋ ಹೊತ್ತಿಗೆ ಸಾಕಾಗಿಹೋಗುತ್ತೆ. ಬಿಸಿನೀರು ಹಾಕಿದ್ರೆ ಆಗೋ ಅವಲಕ್ಕಿ, ಇನ್‌ಸ್ಟಂಟ್ ಉಪ್ಪಿಟ್ಟು ತನ್ನಿ, ಕೆಟಲ್ ಇದೆಯಾ ಅಂತ ಮೇಲ್‌ನಲ್ಲೇ ಕೇಳಿ.

ಅಪ್ಪ ಅಮ್ಮ ಸೂಟ್‌ಕೇಸಲ್ಲಿ ತುಪ್ಪ, ಪೇಡ ತರೋ ಹಾಗಿಲ್ಲ. ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರೋದು ನಿಷೇಧ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಚಟ್ನಿಪುಡಿ, ಉಪ್ಪಿನಕಾಯಿಗೆ ತೊಂದರೆ ಇಲ್ಲ. ತುಪ್ಪ ಮ್ಯೂನಿಕ್‌ನ ಇಂಡಿಯನ್ ಅಂಗಡೀಲಿ ತಗೊಳ್ಳಿ.

—

ಬಿಸಿಬೇಳೆ_ಮ್ಯೂನಿಕ್:

ಎಲ್ಲರಿಗೂ ಥ್ಯಾಂಕ್ಸ್. ಅಪಾರ್ಟ್‌ಮೆಂಟ್ ಎಲ್ಲಾ ಹೋಗಿಬಿಟ್ಟಿದೆ, ಹಾಗಾಗಿ ಹೋಟೆಲ್ಲೇ. ಇನ್ನೆರಡು: ಶನಿವಾರ ಟ್ರಾಫಿಕ್ಕಲ್ಲಿ ತಡ ಆದ್ರೆ ಊಟದ ಗತಿ? ಮತ್ತೆ ನೀರು, ಟಿಪ್ಸ್ ಹೇಗೆ?

—

ಅಡಿಗೆಮನೆ_ಇನ್ಸ್‌ಬ್ರುಕ್:

ಶನಿವಾರ ನಿಮ್ಮ ದಾರಿಯ ಫರ್ನ್‌ಪಾಸ್ ಘಟ್ಟ, ಓಟ್ಸ್‌ಟಾಲ್ ಕಣಿವೆ ರಸ್ತೆ ಎರಡೂ ಕಟ್ಟಿಕೊಳ್ಳುತ್ತೆ. ಕೂರೋಕೆ ಕೊನೇ ಸಮಯ ಎಷ್ಟು ಅಂತ ಮೊದಲೇ ಕೇಳಿ, 19:30 ಅಥವಾ 20:00 ಇರಬಹುದು. ಮೀರಿದ್ರೆ ಆ ಊಟ ಹೋಯ್ತು, ದುಡ್ಡು ವಾಪಸ್ ಇಲ್ಲ. ತಡ ಅನ್ನಿಸಿದ ಕೂಡಲೇ ದಾರಿಯಿಂದಲೇ ಫೋನ್ ಮಾಡಿ, ರೂಮಿಗೆ ತಣ್ಣನೆ ತಟ್ಟೆ ಇಡ್ತೀರಾ ಕೇಳಿ: ಬ್ರೆಡ್, ಚೀಸ್, ತರಕಾರಿ. ಬರೀ 'ತಣ್ಣನೆ ತಟ್ಟೆ' ಅಂದ್ರೆ ಹ್ಯಾಮ್ ಬರುತ್ತೆ.

ರಾತ್ರಿ ಊಟದ ಪಾನೀಯ ಸಾಮಾನ್ಯವಾಗಿ ಹಾಫ್ ಬೋರ್ಡಲ್ಲಿ ಸೇರಲ್ಲ. ನಲ್ಲಿ ನೀರು ಚೆನ್ನಾಗಿದೆ, ಆದರೆ ಜಗ್‌ಗೆ ಕೆಲವು ಹೋಟೆಲ್ ದುಡ್ಡು ಹಾಕ್ತವೆ. ದೊಡ್ಡ ಬಾಟಲಿ ತಗೊಂಡು ಮುಗೀದಿದ್ರೆ ರೂಮ್ ನಂಬರ್ ಬರೆದು ನಾಳೆಗೆ ಎತ್ತಿಡ್ತಾರೆ. ಊರಿನ ಪ್ರವಾಸಿ ತೆರಿಗೆ ತಲೆಗೆ, ರಾತ್ರಿಗೆ ಇಷ್ಟು ಅಂತ ಬೇರೆ ಬಿಲ್ ಆಗುತ್ತೆ.

ಟಿಪ್ಸ್ ದಿನಾ ಬೇಡ, ಹೊರಡೋ ಮುಂಚೆ ಟೇಬಲ್ ವೇಟರ್ ಕೈಗೇ ನಗದಾಗಿ. ನಿಮ್ಮ ಟೇಬಲ್‌ಗೆ ಎರಡು ಥರದ ವಿಶೇಷ ಅಡಿಗೆ ಓಡುತ್ತೆ, ಅಡಿಗೆಮನೆಗೂ ಒಂದು ಕವರ್ ಕೊಟ್ರೆ ಒಳ್ಳೇದು.

ಒಂದು ಮರೆತಿದ್ದೆ. ವಾರದಲ್ಲಿ ಒಂದು ರಾತ್ರಿ ಚೀಟಿ ಇಲ್ಲದ ಬಫೆ ಇರಬಹುದು, ಹಳ್ಳಿ ಊಟ ಅಂತ. ಅಲ್ಲಿ ಮಾಂಸದ ಸೌಟನ್ನೇ ಪಕ್ಕದ ಆಲೂಗಡ್ಡೆಗೂ ಹಾಕ್ತಾರೆ. ಆ ರಾತ್ರಿ ದೊಡ್ಡವರ ತಟ್ಟೆ ಒಳಗಿಂದಲೇ ಬರಲಿ ಅಂತ ಬೆಳಗ್ಗೆ ತಿಂಡಿ ಹೊತ್ತಿಗೇ ಹೇಳಿಬಿಡಿ.