ಸಹಾಯ ಬೇಕು: ದ್ವೀಪದ ಸುತ್ತ ಈಜಲು ಯಾವ ಬೀಚ್ ಸರಿ ಅಂತ ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು 5 ದಿನ ಒಂದು ಸಣ್ಣ ದ್ವೀಪದ ಹಳ್ಳಿಯಲ್ಲಿ ಇರುತ್ತೇವೆ, ಸುತ್ತಲೂ ಬೀಚ್‌ಗಳೇ. ಮಗಳಿಗೆ 11 ವರ್ಷ, ಪೂಲ್‌ನಲ್ಲಿ ಚೆನ್ನಾಗಿ ಈಜುತ್ತಾಳೆ, ಆದರೆ ಸಮುದ್ರ ಬೇರೆ ಅಲ್ವಾ.

ಹೋದ ಸಲ ನಡೆದದ್ದು ಇನ್ನೂ ಕಣ್ಣ ಮುಂದೆ ಇದೆ. ನೀರು ಕನ್ನಡಿ ಹಾಗಿತ್ತು, ಅವಳು ಪ್ಯಾಡಲ್ ಬೋರ್ಡ್ ಮೇಲೆ ಕೂತಿದ್ದಳು, ಗಾಳಿ ನಮ್ಮ ಬೆನ್ನ ಕಡೆಯಿಂದ ಸಮುದ್ರದತ್ತ ಬೀಸುತ್ತಿತ್ತು, ನೋಡನೋಡುತ್ತಲೇ ಬೋರ್ಡ್ ದೂರ ಹೋಗಿಬಿಟ್ಟಿತು. ಈಜಿ ಹಿಡಿದು ತರುವಷ್ಟರಲ್ಲಿ ನನ್ನ ಕೈ ಸೋತು ಹೋಗಿತ್ತು. ದಡದಿಂದ ಹೊರಗೆ ಬೀಸುವ ಗಾಳಿಯಲ್ಲಿ ನೀರು ಶಾಂತವಾಗಿ ಕಂಡರೂ ಅಪಾಯ ಅಂತ ಆಮೇಲೆ ತಿಳಿಯಿತು. ಹಾಗಾದರೆ ಬೋರ್ಡ್, ಕಯಾಕ್‌ಗೆ ಯಾವ ದಿಕ್ಕಿನ ಗಾಳಿ ಇದ್ದರೆ ಒಳ್ಳೆಯದು? ಈಜಲು ಗಾಳಿಯ ಮರೆಯ ಕೊಲ್ಲಿಯೇ ಸಾಕಾ?

ರಿಪ್ ಕರೆಂಟ್ (ದಡದಿಂದ ಸಮುದ್ರದ ಒಳಕ್ಕೆ ಎಳೆದೊಯ್ಯುವ ನೀರಿನ ಸೆಳೆತ) ಬಗ್ಗೆಯೂ ಹೇಳಿ. ಅಲೆಗಳ ನಡುವೆ ನೊರೆ ಇಲ್ಲದ ಕಪ್ಪು ಪಟ್ಟಿ ಕಂಡರೆ ಅಲ್ಲಿ ಇಳಿಯಬಾರದು, ಸಿಕ್ಕಿಬಿದ್ದರೆ ದಡದ ಕಡೆ ಹೋರಾಡದೆ ಅಡ್ಡಕ್ಕೆ ಈಜಬೇಕು, ಇಷ್ಟು ಗೊತ್ತು. ಆದರೆ ಮರಳಿನ ಮೇಲೆ ನಿಂತು ನೋಡಿದರೆ ನನಗೆ ಎಲ್ಲವೂ ಒಂದೇ ತರ ಕಾಣುತ್ತದೆ. ಎತ್ತರದಿಂದ ನೋಡಬೇಕಾ?

ನಾವಿರುವಾಗ ಹುಣ್ಣಿಮೆ ಬರುತ್ತದೆ, ಉಬ್ಬರ ಇಳಿತ ಜಾಸ್ತಿ ಇರುತ್ತದೆ. ಹವಳದ ಬಂಡೆ ಇರುವ ಕಡೆ ಸ್ನಾರ್ಕೆಲಿಂಗ್‌ಗೆ (ಉಸಿರಾಟದ ಕೊಳವೆ ಹಾಕಿ ತೇಲುತ್ತಾ ನೀರಿನ ಒಳಗೆ ನೋಡುವುದಕ್ಕೆ) ಉಬ್ಬರದ ಹೊತ್ತೇ ಸರಿಯಾ? ಅನುಭವ ಇರುವವರು ದಯವಿಟ್ಟು ಬರೆಯಿರಿ. ಮಕ್ಕಳ ಲೈಫ್ ಜಾಕೆಟ್ ಅಳತೆ ನೋಡುವುದು ಹೇಗೆ ಅಂತಲೂ ಹೇಳಿದರೆ ತುಂಬಾ ಉಪಕಾರ.