ಸಹಾಯ ಬೇಕು: ಹಳೆಯ ಸಂಬಂಧಗಳ ಕೊರಗಿನಲ್ಲಿರುವ ಅಣ್ಣನಿಗೆ ಬೀದರ್ ಸುತ್ತ ಆಪ್ತಸಮಾಲೋಚಕರು

ನಮಸ್ಕಾರ. ಹುಮನಾಬಾದಿನಲ್ಲಿರುವ ನನ್ನ ಅಣ್ಣನ ಪರವಾಗಿ, ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕಾಲೇಜು ದಿನಗಳ ಪ್ರೀತಿ ಜಾತಿಯ ಕಾರಣಕ್ಕೆ ಮುರಿಯಿತು. ನಂತರದ ಮದುವೆ ವಿಚ್ಛೇದನದಲ್ಲಿ ಮುಗಿಯಿತು. ನಲವತ್ತು ದಾಟಿರುವ ಅವನು ಹಗಲೆಲ್ಲ ಅಂಗಡಿಯ ವ್ಯವಹಾರವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ, ಆದರೆ ರಾತ್ರಿಯಾದರೆ ‘ಅಂದು ನಾನು ಹಾಗೆ ಹೇಳದಿದ್ದರೆ’ ಎಂಬ ಒಂದೇ ಮಾತಿನ ಸುತ್ತ ಗಾಣದೆತ್ತಿನಂತೆ ತಿರುಗುತ್ತಾನೆ. ಹೊಸ ಸಂಬಂಧದ ಪ್ರಸ್ತಾಪ ಬಂದಾಗಲೆಲ್ಲ, ಎದುರಿಗಿರುವವರನ್ನು ಅರಿಯುವ ಮೊದಲೇ ಅದು ಹೇಗೆ ಮುರಿಯಬಹುದೆಂದು ಲೆಕ್ಕ ಹಾಕಿ ಹಿಂದೆ ಸರಿಯುತ್ತಾನೆ. ಇನ್ನೊಂದು ಮದುವೆಯಾದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಮನೆಯ ಹಿರಿಯರ ಮಾತು (ಆ ಹೆಣ್ಣುಮಗಳ ಗತಿಯೇನೆಂದು ಯಾರೂ ಕೇಳುವುದಿಲ್ಲ).

14416 ಸಂಖ್ಯೆಯ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿದೆವು. ಉಚಿತವಾಗಿ, ಕನ್ನಡದಲ್ಲೇ ತಾಳ್ಮೆಯಿಂದ ಮಾತನಾಡಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಇರುವ ಮನೋಚೈತನ್ಯ ಕ್ಲಿನಿಕ್‌ಗೆ ಮಾತ್ರ ಅಣ್ಣ, ಊರಿನವರು ನೋಡುತ್ತಾರೆಂದು ಬರಲೊಪ್ಪುತ್ತಿಲ್ಲ. ಕಳೆದದ್ದನ್ನೇ ಮೆಲುಕು ಹಾಕುವ ಅಭ್ಯಾಸ ಖಿನ್ನತೆಯನ್ನು ಬೆಳೆಸಬಲ್ಲದಾದ್ದರಿಂದ, ಎದುರು ಕುಳಿತು ಹಲವು ವಾರ ನಡೆಸುವ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆಗಳ ರೂಢಿಯನ್ನು ಮಾತುಕತೆಯ ಮೂಲಕ ಬದಲಿಸುವ ಸಿಬಿಟಿ) ಅಗತ್ಯವೆನಿಸುತ್ತದೆ. ಬೀದರ್ ಅಥವಾ ಕಲಬುರಗಿಯಲ್ಲಿ ಭಾನುವಾರ ಸಿಗುವ, ಬರೀ ಮಾತ್ರೆ ಬರೆದುಕೊಡದೆ ಮಾತು ಕೇಳುವ ಮನಃಶಾಸ್ತ್ರಜ್ಞರನ್ನು ಬಲ್ಲವರು ಶುಲ್ಕದ ವಿವರದೊಂದಿಗೆ ತಿಳಿಸಬೇಕೆಂದು ವಿನಂತಿ. ಹೆಣ್ಣು ತೋರಿಸುವ ಸಂದೇಶಗಳನ್ನು ದಯವಿಟ್ಟು ಕಳುಹಿಸಬೇಡಿ.